ಹಗುರವಾದ ಕೋವಿ, ಹಗುರವಾದ ಒದೆತ: .357 ತೋಟಾಕ್ಕೆ ನಾನು ತಲುಪಿದ ದಾರಿ

ಮೊದಲ ವರ್ಷದ ಜಿಂಕೆ ಶಿಕಾರಿಗೆಂದು ಗೆಳೆಯನ 12 ಗೇಜಿನ ಶಾಟ್‌ಗನ್ ಎರವಲು ಪಡೆದಿದ್ದೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತೂಗುವ ಸೀಸದ ಒಂಟಿ ಗುಂಡು ಹಾರಿಸುವ ಕೋವಿ ಅದು. ಗುರಿ ಅಭ್ಯಾಸದ ಮೈದಾನದಲ್ಲಿ ಐದು ಈಡು ಮುಗಿಸುವಷ್ಟರಲ್ಲಿ ಬಲ ಭುಜ ನೋಯತೊಡಗಿತು. ಆರನೆಯ ತೋಟಾವನ್ನು ಗೆಳೆಯನೇ ತುಂಬಿಕೊಟ್ಟ. ಗುರಿ ಹಿಡಿದು ಟ್ರಿಗರ್ ಎಳೆದೆ. ಬರಿಯ ಒಂದು ‘ಟಕ್’. ಸಿಡಿತವಿಲ್ಲ, ಹೊಗೆಯಿಲ್ಲ, ಆದರೂ ನಳಿಗೆಯ ತುದಿ ಒಂದು ಗೇಣು ಕೆಳಗೆ ಕುಸಿದಿತ್ತು, ನನ್ನ ಕಣ್ಣು ಮುಚ್ಚಿತ್ತು, ಹಲ್ಲು ಕಚ್ಚಿತ್ತು. ಅವನು ತುಂಬಿದ್ದು ಮದ್ದಿಲ್ಲದ ಡಮ್ಮಿ ತೋಟಾ. ಒದೆತ ಬರುವ ಮೊದಲೇ ನನ್ನ ಮೈ ಬೆಚ್ಚಿಬಿದ್ದಿತ್ತು. ಆ ವರ್ಷ ನಾನು ಜಿಂಕೆಯ ಮೇಲೆ ಗುಂಡು ಹಾರಿಸಲಿಲ್ಲ. ಬೆಚ್ಚುವ ಕೈಯಿಂದ ಒಂದು ಜೀವದ ಮೇಲೆ ಗುಂಡು ಹಾರಿಸುವುದು ತಪ್ಪು ಎಂದು ಅಂದೂ ಅನ್ನಿಸಿತ್ತು, ಇಂದೂ ಅನ್ನಿಸುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಶಿಕಾರಿಗೆ ನಿಷೇಧವಿದೆ. ನಾನು ಬರೆಯುತ್ತಿರುವುದು ಅಮೆರಿಕದ ಒಹಾಯೊ ರಾಜ್ಯದ ಅನುಭವ. ಇಲ್ಲಿ ಬೇಟೆಗಾರರ ಶಿಕ್ಷಣ ಕೋರ್ಸು ಮುಗಿಸಿ, ಪರವಾನಗಿ ಪಡೆದು, ಜಮೀನಿನ ಒಡೆಯರ ಲಿಖಿತ ಒಪ್ಪಿಗೆ ಇಟ್ಟುಕೊಂಡು ಬಿಳಿಬಾಲದ ಜಿಂಕೆಯನ್ನು ಬೇಟೆಯಾಡಬಹುದು. ಆದರೆ ಯಾವ ರೈಫಲ್ ಆದರೂ ನಡೆಯುತ್ತದೆ ಎಂದಲ್ಲ. ಬಹುಕಾಲ ಕೋವಿಯ ಋತುವಿನಲ್ಲಿ ಜಿಂಕೆಗೆ ಶಾಟ್‌ಗನ್ನೇ ಮುಖ್ಯ ಆಯುಧವಾಗಿತ್ತು. 2014ರ ಋತುವಿನಿಂದ ನೇರ ಗೋಡೆಯ ತೋಟಾ ಬಳಸುವ ರೈಫಲ್‌ಗಳಿಗೂ ಅವಕಾಶ ಸಿಕ್ಕಿತು. ಬಾಟಲಿಯ ಕತ್ತಿನಂತೆ ಕಿರಿದಾಗದೆ ಬುಡದಿಂದ ಬಾಯಿಯವರೆಗೆ ನೇರವಾಗಿರುವ ತೋಟಾ ಅದು, ಗುಂಡಿನ ವ್ಯಾಸ .357ರಿಂದ .50 ಇಂಚಿನೊಳಗೆ ಇರಬೇಕು. ಹಳೆಯ ರಿವಾಲ್ವರ್ ತೋಟಾಗಳೆಲ್ಲ ಬಹುಪಾಲು ಇದೇ ಬಗೆಯವು. ನನ್ನ ಹುಡುಕಾಟ ಶುರುವಾದದ್ದು ಅಲ್ಲಿಂದ.

ನನಗೆ ಬೇಕಿದ್ದದ್ದು ಎರಡು ಕೆಲಸಕ್ಕೂ ಒದಗುವ ಒಂದೇ ಕೋವಿ. ವರ್ಷವಿಡೀ ವಾರಾಂತ್ಯದಲ್ಲಿ ಮಗಳ ಜೊತೆ ಖಾಲಿ ಡಬ್ಬಿಗಳಿಗೆ ಗುರಿಯಿಟ್ಟು ಹೊಡೆಯಬೇಕು. ಇಂಗ್ಲಿಷಿನವರು ಇದಕ್ಕೆ ಪ್ಲಿಂಕಿಂಗ್ ಎನ್ನುತ್ತಾರೆ, ತಗಡಿಗೆ ಗುಂಡು ತಾಗಿದಾಗಿನ ಸದ್ದಿನಿಂದಲೇ ಹುಟ್ಟಿದ ಹೆಸರು. ಚಳಿಗಾಲ ಬಂದಾಗ ಅದೇ ಕೋವಿ ಜಿಂಕೆಗೂ ಸಾಲಬೇಕು. ಮಗಳಿಗೆ ಆಗ ಹದಿನಾಲ್ಕು, ಸಣ್ಣ ಮೈಕಟ್ಟು. ನನ್ನ ಭುಜವೂ ಮೊದಲಿನ ಭುಜವಲ್ಲ.

ಮೊದಲು ಕಣ್ಣಿಗೆ ಬಿದ್ದದ್ದು 9 ಮಿ.ಮೀ. ಕಾರ್ಬೈನ್, ಅಂದರೆ ಪಿಸ್ತೂಲಿನ ತೋಟಾ ಹಾರಿಸುವ ಗಿಡ್ಡ ರೈಫಲ್. ತೋಟಾ ಅಗ್ಗ, ಎಲ್ಲಿ ಕೇಳಿದರೂ ಸಿಗುತ್ತದೆ. ಆದರೆ ಅದರ ಗುಂಡಿನ ವ್ಯಾಸ .355 ಇಂಚು. ಎರಡು ಸಾವಿರಾಂಶ ಇಂಚಿನ ಕೊರತೆಯಿಂದ ಜಿಂಕೆಯ ನಿಯಮದ ಹೊರಗೆ ಬೀಳುತ್ತದೆ. ನಿಯಮವನ್ನು ಬದಿಗಿಟ್ಟು ನೋಡಿದರೂ ನನಗೆ ಅದು ಒಪ್ಪಿಗೆಯಾಗಲಿಲ್ಲ. 9 ಮಿ.ಮೀ. ತೋಟಾದಲ್ಲಿ ಗಿಡ್ಡ ನಳಿಗೆಗೆಂದೇ ಬೇಗ ಉರಿಯುವ ಮದ್ದು ಸ್ವಲ್ಪವೇ ಇರುತ್ತದೆ, ಆದ್ದರಿಂದ ಉದ್ದ ನಳಿಗೆಯಿಂದ ಸಿಗುವ ಲಾಭ ಕಡಿಮೆ. ಜೊತೆಗೆ ಈ ಕಾರ್ಬೈನ್‌ಗಳಲ್ಲಿ ಬಹಳಷ್ಟು ಸರಳ ಬ್ಲೋಬ್ಯಾಕ್ ರಚನೆಯವು; ನಳಿಗೆಯ ಹಿಂಬಾಯಿ ಮುಚ್ಚುವ ಲೋಹದ ತುಂಡಾದ ಬೋಲ್ಟಿನ ಭಾರವೊಂದೇ ಒತ್ತಡವನ್ನು ತಡೆಹಿಡಿಯಬೇಕು. ಹಾಗಾಗಿ ಬೋಲ್ಟ್ ದಪ್ಪ, ಕೋವಿ ಹಲವೊಮ್ಮೆ ಮೂರು ಕಿಲೋ ದಾಟುತ್ತದೆ, ಆ ಭಾರದ ಬೋಲ್ಟ್ ಹಿಂದಕ್ಕೆ ಬಡಿಯುವ ಕುಲುಕು ಕೈಗೆ ಬೇರೆಯಾಗಿಯೇ ತಿಳಿಯುತ್ತದೆ.

ಇಲ್ಲಿ ಒದೆತದ ಲೆಕ್ಕವನ್ನು ಒಮ್ಮೆ ಬಿಡಿಸಿ ಹೇಳಬೇಕು, ಏಕೆಂದರೆ ಆಯ್ಕೆಯೆಲ್ಲ ನಿಂತಿರುವುದು ಇದರ ಮೇಲೆ. ಗುಂಡು ಮತ್ತು ಉರಿದ ಮದ್ದಿನ ಅನಿಲ ಎಷ್ಟು ಆವೇಗದಿಂದ ಮುಂದೆ ಹೋಗುತ್ತವೆಯೋ ಅಷ್ಟೇ ಆವೇಗದಿಂದ ಕೋವಿ ಹಿಂದೆ ಬರುತ್ತದೆ. ಕೋವಿಯ ತೂಕ ಅರ್ಧವಾದರೆ ಭುಜಕ್ಕೆ ಬಂದು ತಾಗುವ ಶಕ್ತಿ ಎರಡರಷ್ಟಾಗುತ್ತದೆ. ಅಂದರೆ ‘ಕೋವಿ ಹಗುರವಾಗಿರಲಿ’ ಎಂಬುದೂ ‘ಒದೆತ ಹಗುರವಾಗಿರಲಿ’ ಎಂಬುದೂ ಒಂದನ್ನೊಂದು ಎಳೆದಾಡುವ ಬೇಡಿಕೆಗಳು. ಅಂಗಡಿಯಲ್ಲಿ ಹಗುರ ಕೋವಿಯನ್ನು ಎತ್ತಿ ನೋಡಿ ಖುಷಿಪಡುವವರು ಇದನ್ನು ಮರೆಯುತ್ತಾರೆ. ಎರಡನ್ನೂ ಒಟ್ಟಿಗೆ ಸಾಧಿಸಲು ಇರುವ ದಾರಿ ತೋಟಾ ಒಂದೇ. ಮೊದಲು ತೋಟಾ, ಆಮೇಲೆ ಕೋವಿ ಎಂದು ತೀರ್ಮಾನಿಸಿಕೊಂಡೆ.

ಕಾಗದದ ಮೇಲೆ 2.4 ಕಿಲೋ ತೂಕದ ರೈಫಲ್ ಇಟ್ಟುಕೊಂಡು ಲೆಕ್ಕ ಹಾಕಿದೆ. ದಪ್ಪ ತೋಟಾವಾದ .44 ಮ್ಯಾಗ್ನಂನ 240 ಗ್ರೇನ್ (ಸುಮಾರು 15.5 ಗ್ರಾಂ) ಗುಂಡಿಗೆ ಒದೆತ ಸುಮಾರು 21 ಜೂಲ್. ಅದಕ್ಕಿಂತ ಚಿಕ್ಕದಾದ .357 ಮ್ಯಾಗ್ನಂನ 158 ಗ್ರೇನ್ (ಸುಮಾರು 10 ಗ್ರಾಂ) ಗುಂಡಿಗೆ ಅದರ ಅರ್ಧ, ಸುಮಾರು 10. ಅದೇ ನಳಿಗೆಯಲ್ಲಿ .38 ಸ್ಪೆಷಲ್ ಹಾರಿಸಿದರೆ ಎರಡು ಜೂಲ್‌ಗಿಂತ ತುಸು ಹೆಚ್ಚು. ನನ್ನ ಭುಜವನ್ನು ಕೆಡಿಸಿದ ಆ ಶಾಟ್‌ಗನ್ನಿನದು 40ರ ಆಸುಪಾಸು. ಒಂದು ಕಿಲೋ ಭಾರವನ್ನು ಹತ್ತು ಸೆಂಟಿಮೀಟರ್ ಮೇಲೆತ್ತಲು ಬೇಕಾದದ್ದು ಸುಮಾರು ಒಂದು ಜೂಲ್ ಎಂದು ನೆನಪಿಟ್ಟುಕೊಂಡರೆ ಈ ಅಂಕಿಗಳು ಮೈಗೆ ಅರ್ಥವಾಗುತ್ತವೆ.

.357ರ ನಳಿಗೆಯಲ್ಲಿ .38 ಹೇಗೆ ಹಾರುತ್ತದೆ ಎಂಬುದು ಹೊಸಬರಿಗೆ ಗೊಂದಲ ತರುತ್ತದೆ. .38 ಸ್ಪೆಷಲ್ ಎಂಬುದು ಹೆಸರಿಗೆ ಮಾತ್ರ .38, ಗುಂಡಿನ ವ್ಯಾಸ ಅದಕ್ಕೂ .357 ಇಂಚೇ. 1930ರ ದಶಕದ ನಡುವೆ ಅದೇ ತೋಟಾವನ್ನು ಮೂರೂವರೆ ಮಿಲಿಮೀಟರಿನಷ್ಟು ಉದ್ದಗೊಳಿಸಿ, ಒತ್ತಡ ಏರಿಸಿ .357 ಮ್ಯಾಗ್ನಂ ಮಾಡಿದರು. ಉದ್ದ ಹೆಚ್ಚಿಸಿದ್ದೇ ಅದು ಹಳೆಯ .38 ರಿವಾಲ್ವರ್‌ಗಳ ಒಳಗೆ ಹೋಗದಿರಲಿ ಎಂದು. ಹೀಗಾಗಿ ಗಿಡ್ಡ ತೋಟಾ, ತೋಟಾ ಕೂರುವ ಉದ್ದ ಕೋಣೆಯಲ್ಲಿ ಹಾರುತ್ತದೆ, ಉದ್ದದ್ದು ಗಿಡ್ಡದರಲ್ಲಿ ಕೂರುವುದಿಲ್ಲ. ರೈಫಲ್ ನಳಿಗೆಯಿಂದ .357ಕ್ಕೆ ಸಿಗುವ ಲಾಭವೂ ದೊಡ್ಡದು. ನಾಲ್ಕು ಇಂಚಿನ ರಿವಾಲ್ವರಿನಿಂದ ಸೆಕೆಂಡಿಗೆ 380 ಮೀಟರ್ ಆಸುಪಾಸಿನಲ್ಲಿ ಹೊರಡುವ ಗುಂಡು ರೈಫಲ್ಲಿನಿಂದ 540-550ರಲ್ಲಿ ಹೊರಡುತ್ತದೆ. ನಿಧಾನ ಉರಿಯುವ ಮದ್ದಿಗೆ ನಳಿಗೆಯ ಉದ್ದ ಸಿಗುತ್ತದೆ, ರಿವಾಲ್ವರಿನ ಸಿಲಿಂಡರ್ ಸಂದಿಯಿಂದ ಅನಿಲ ಸೋರುವ ನಷ್ಟವೂ ಇಲ್ಲ. ಗುಂಡಿನ ಶಕ್ತಿ ಇಮ್ಮಡಿಯಾಗುತ್ತದೆ.

.44 ಹೆಚ್ಚು ದೂರ, ಹೆಚ್ಚು ದೊಡ್ಡ ಪ್ರಾಣಿಗೆ ಒಳ್ಳೆಯದು, ನಿಜ. 2019ರಲ್ಲಿ ಬಂದ .350 ಲೆಜೆಂಡ್ ತೋಟಾ ಇನ್ನೂ ದೂರಕ್ಕೆ ನೇರವಾಗಿ ಹೋಗುತ್ತದೆ, ಆದರೆ ಅದಕ್ಕೆ .38ರಂಥ ಸೌಮ್ಯವಾದ ತಮ್ಮನಿಲ್ಲ. ನಾನು ಕೂರುವ ಕಾಡಿನಂಚಿನಲ್ಲಿ ಎಪ್ಪತ್ತು ಮೀಟರಿನಾಚೆ ಏನೂ ಕಾಣುವುದಿಲ್ಲ. .357 ಎಂದು ಗಟ್ಟಿಮಾಡಿದೆ.

ಕೋವಿಯ ಆಯ್ಕೆ ಇದಾದ ಮೇಲೆ ಕಷ್ಟವಾಗಲಿಲ್ಲ. ಈ ತೋಟಾಕ್ಕೆ ಹೆಚ್ಚಾಗಿ ಸಿಗುವುದು ಲಿವರ್ ಆ್ಯಕ್ಷನ್ ರೈಫಲ್‌ಗಳು, ಅಂದರೆ ಟ್ರಿಗರ್ ಬಳಿಯ ಸನ್ನೆಯನ್ನು ಕೆಳಗೆ ಮೇಲೆ ಆಡಿಸಿ ಮುಂದಿನ ತೋಟಾ ಏರಿಸುವಂಥವು. ಎಂಟು ಮೂಲೆಯ ನಳಿಗೆ, ಹಿತ್ತಾಳೆ ಮೈಯ ಹೆನ್ರಿ ಬಿಗ್ ಬಾಯ್ ಎತ್ತಿದೆ; ನೋಡಲು ಒಡವೆಯಂತಿದೆ, ಆದರೆ ತೂಕ ನಾಲ್ಕು ಕಿಲೋದ ಹತ್ತಿರ. ಮಾರ್ಲಿನ್ 1894 ಹದವಾದ ತೂಕದ್ದು. ಖಾಲಿ ತೋಟಾ ಪಕ್ಕದಿಂದ ಹೊರಬೀಳುವುದರಿಂದ ಮೇಲೆ ದುರ್ಬೀನು ಕೂರಿಸುವುದು ಸುಲಭ. ದುರ್ಬೀನು ಬೇಕೇ ಬೇಕು ಎನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ. ಮನಸ್ಸು ಹಿಡಿದದ್ದು ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ ವಿಂಚೆಸ್ಟರ್ 1892ರ ಮಾದರಿ. ಆತ ಅದನ್ನು ರಚಿಸಿದ್ದೇ ಗಿಡ್ಡ ತೋಟಾಗಳಿಗಾಗಿ. ಗಟ್ಟಿತನಕ್ಕೆ ಎರಡು ಬೀಗಗಳು, ಉಳಿದ ಕಡೆ ಒಂದು ಗ್ರಾಂ ಲೋಹವೂ ದಂಡವಿಲ್ಲ. ಅದೇ ಮಾದರಿಯ ಈಗಿನ ಮರುನಿರ್ಮಾಣವೊಂದನ್ನು ಕೊಂಡೆ. ನಳಿಗೆ 16 ಇಂಚು, ಮನೆಯ ತಕ್ಕಡಿಯಲ್ಲಿ 2.4 ಕಿಲೋ. ಮಗಳು ಅದನ್ನು ಒಂದೇ ಕೈಯಲ್ಲಿ ಎತ್ತಿ ನಳಿಗೆಯನ್ನು ನೆಲದತ್ತ ಹಿಡಿದು ನಿಂತಾಗ ಸರಿಯಾದದ್ದನ್ನೇ ತಂದೆನೆಂದು ತಿಳಿಯಿತು.

ಒಂದು ತಪ್ಪನ್ನು ಮಾತ್ರ ಮಾಡಿದೆ. ಅಂಗಡಿಯಲ್ಲಿ ಕೋವಿಯನ್ನು ಭುಜಕ್ಕೇರಿಸಿ ನೋಡಿದ್ದು ಜೂನ್ ತಿಂಗಳಲ್ಲಿ, ತೆಳ್ಳನೆಯ ಅಂಗಿಯಲ್ಲಿ. ಅಳತೆ ಹೇಳಿ ಮಾಡಿಸಿದಂತಿತ್ತು. ಡಿಸೆಂಬರಿನಲ್ಲಿ ಸ್ವೆಟರ್, ಅದರ ಮೇಲೆ ದಪ್ಪ ಕೋಟು, ಅದರ ಮೇಲೆ ಕಿತ್ತಳೆ ಬಣ್ಣದ ಕಡ್ಡಾಯದ ಮೇಲಂಗಿ ಹಾಕಿಕೊಂಡು ಎತ್ತಿದರೆ ಕೋವಿಯ ಹಿಂಬದಿಯ ಮರದ ಹಿಡಿ ಕಂಕುಳ ಬಳಿ ಬಟ್ಟೆಗೆ ಸಿಕ್ಕಿಕೊಂಡಿತು. ಬಟ್ಟೆಯ ದಪ್ಪವೆಲ್ಲ ಕೋವಿಯ ಉದ್ದಕ್ಕೆ ಸೇರಿತ್ತು. ಮರದ ಹಿಡಿಯನ್ನು ಮೂರು ಸೆಂಟಿಮೀಟರ್ ಕತ್ತರಿಸಿ, ತುದಿಯ ಗಟ್ಟಿ ಪಟ್ಟಿಯ ಬದಲು ತೆಳು ರಬ್ಬರ್ ಪಟ್ಟಿ ಹಾಕಿಸಿದೆ. ಈ ಬದಲಾವಣೆಯಿಂದ ಒದೆತ ಕಡಿಮೆಯಾದಂತೆ ಅನ್ನಿಸಿದ್ದು ಲೆಕ್ಕದ ಯಾವ ಅಂಕಿಯಿಂದಲೂ ಅನ್ನಿಸಿರಲಿಲ್ಲ. ಭುಜದ ಗುಳಿಯಲ್ಲಿ ಪೂರ್ತಿ ಕೂತ ಕೋವಿ ತಳ್ಳುತ್ತದೆ. ಅಂಚಿನಲ್ಲಿ ಕೂತದ್ದು ಗುದ್ದುತ್ತದೆ. ಕೊಳ್ಳುವವರು ಚಳಿಗಾಲದ ಕೋಟನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ, ಬೇಸಿಗೆಯಾದರೂ ಸರಿ.

ಗುರಿ ಹಿಡಿಯಲು ನಳಿಗೆಯ ಹಿಂಭಾಗದಲ್ಲಿದ್ದ ಗುರಿಕಟ್ಟು ಕೊಂಬಿನಾಕಾರದ್ದಾಗಿತ್ತು. ಐವತ್ತರ ಕಣ್ಣಿಗೆ ಅದು ಮಂಜುಮಂಜು. ಬದಲಿಗೆ ಸಣ್ಣ ರಂಧ್ರದ ಪೀಪ್ ಸೈಟ್ ಹಾಕಿಸಿದೆ; ರಂಧ್ರದ ನಡುವೆ ಮುಂದಿನ ಗುರಿಯನ್ನು ಕಣ್ಣು ತಾನೇ ಹುಡುಕಿಕೊಳ್ಳುತ್ತದೆ.

ಈಗ ಬಳಕೆಯ ವಿಷಯ. ಮೊದಲ ಇನ್ನೂರು ತೋಟಾ ಪೂರ್ತಿ .38. ಕೋವಿ ಒದೆಯುತ್ತಿದೆ ಎಂದೇ ಅನ್ನಿಸುವುದಿಲ್ಲ, ಭುಜವನ್ನು ಯಾರೋ ಮೆಲ್ಲಗೆ ಒತ್ತಿದಂತಾಗುತ್ತದೆ. ಗುಂಡು ಶಬ್ದದ ವೇಗದೊಳಗೇ ಇರುವುದರಿಂದ ಸಿಡಿಲಿನಂಥ ಚಟಕಾರವೂ ಇಲ್ಲ. ಆದರೂ ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಬಿಡುವ ಹಾಗಿಲ್ಲ. ಗೆಳೆಯನ ಡಮ್ಮಿ ತೋಟಾ ಪಾಠವನ್ನು ಇಲ್ಲಿಯೂ ಮುಂದುವರಿಸಿದೆ: ಹತ್ತರಲ್ಲಿ ಎರಡು ಡಮ್ಮಿ, ಯಾವುದು ಎಲ್ಲಿದೆ ಎಂದು ತುಂಬಿದವರಿಗೆ ಮಾತ್ರ ಗೊತ್ತು. ಸುಮಾರು ಎರಡು ತಿಂಗಳಲ್ಲಿ ‘ಟಕ್’ ಎಂದಾಗಲೂ ನನ್ನ ನಳಿಗೆ ಅಲುಗದೆ ನಿಂತಿತು. ಮಗಳಿಗೆ ಬೆಚ್ಚುವ ಅಭ್ಯಾಸ ಹುಟ್ಟಲೇ ಇಲ್ಲ. ಅವಳ ಕಲಿಕೆ ಸೌಮ್ಯ ತೋಟಾದಿಂದ ಶುರುವಾದದ್ದೇ ಅದಕ್ಕೆ ಕಾರಣ.

ಲಿವರನ್ನು ಅರೆಮನಸ್ಸಿನಿಂದ ಎಳೆದರೆ ತೋಟಾ ಸಿಕ್ಕಿಕೊಳ್ಳುತ್ತದೆ. ಕೊನೆಯವರೆಗೆ ಕೆಳಗೆ, ಕೊನೆಯವರೆಗೆ ಮೇಲೆ, ಒಂದೇ ಬೀಸಿಗೆ. ಮೂತಿಯೇ ಇಲ್ಲದ, ಚಪ್ಪಟೆಯಾಗಿ ಮುಗಿಯುವ ವಾಡ್‌ಕಟರ್ ತೋಟಾಗಳು ನನ್ನ ಕೋವಿಯಲ್ಲಿ ಸರಿಯಾಗಿ ಏರಲಿಲ್ಲ; 158 ಗ್ರೇನಿನ ಮೊಂಡು ಮೂತಿಯವು ಬೆಣ್ಣೆಯಂತೆ ಏರುತ್ತವೆ. ಚೂಪು ಮೂತಿಯ ಗಟ್ಟಿ ಗುಂಡನ್ನಂತೂ ಇಂಥ ಕೋವಿಯಲ್ಲಿ ತುಂಬಲೇಬಾರದು. ಕೊಳವೆಯ ಮ್ಯಾಗಜಿನ್‌ನಲ್ಲಿ ಒಂದರ ಮೂತಿ ಮುಂದಿನದರ ಕೇಪಿಗೆ ಒತ್ತಿಕೊಂಡಿರುತ್ತದೆ, ಒಂದು ಕುಲುಕಿಗೆ ಅದು ಸಿಡಿಯಬಹುದು.

ಎರಡು ತೋಟಾಗಳ ಗುರಿ ಒಂದೇ ಕಡೆ ಬೀಳುವುದಿಲ್ಲ ಎಂಬುದನ್ನು ಕಾಗದದ ಮೇಲೆ ನೋಡಿಯೇ ತಿಳಿಯಬೇಕು. 50 ಗಜದಲ್ಲಿ .357 ನಡುಬಿಂದುವಿಗೆ ತಾಗುವಂತೆ ಗುರಿ ಕೂರಿಸಿ ಅದೇ ಗುರಿಯಲ್ಲಿ .38 ಹಾರಿಸಿದೆ. ಐದು ತೂತುಗಳೂ ಒಂದು ಅಂಗೈ ಅಗಲ ಕೆಳಗೆ ಗುಂಪುಗೂಡಿದ್ದವು. ನಿಧಾನದ ಗುಂಡಿಗೆ ಬೀಳಲು ಹೆಚ್ಚು ಸಮಯ ಸಿಗುತ್ತದೆ, ಅಷ್ಟೆ. ಅಂದಿನಿಂದ ಗುರಿಕಟ್ಟು .357ಕ್ಕೇ ಖಾಯಂ. ಡಬ್ಬಿ ಹೊಡೆಯುವಾಗ 25 ಗಜಕ್ಕೆ ಬರುತ್ತೇವೆ, ಅಲ್ಲಿ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅಕ್ಟೋಬರ್ ಬಂದ ಮೇಲೆ ಪ್ರತಿ ವಾರ ಹತ್ತು .357 ತೋಟಾ, ಶಿಕಾರಿಗೆ ಒಯ್ಯುವ ಅದೇ ಪೆಟ್ಟಿಗೆಯಿಂದ. ಆ ಗುಂಡು ಸಾಫ್ಟ್ ಪಾಯಿಂಟ್, ಮೂತಿಯಲ್ಲಿ ಮೆತ್ತನೆಯ ಸೀಸ ತೆರೆದಿರುವಂಥದ್ದು. ರಿವಾಲ್ವರ್ ವೇಗಕ್ಕೆಂದು ಮಾಡಿದ ತೆಳು ಕವಚದ ಟೊಳ್ಳು ಮೂತಿಯ ಗುಂಡುಗಳು ರೈಫಲ್ ವೇಗದಲ್ಲಿ ಒಳಹೋಗುವ ಮೊದಲೇ ಒಡೆದು ಚೂರಾಗಬಹುದು, ಪ್ರಾಣಿ ಗಾಯಗೊಂಡು ನರಳುತ್ತದೆ.

ನೂರು ಗಜ ತಲುಪುವಷ್ಟರಲ್ಲಿ ಈ ಗುಂಡು ಕಾಲು ಭಾಗದಷ್ಟು ವೇಗ ಕಳೆದುಕೊಂಡಿರುತ್ತದೆ. ನಾನು ಹಾಕಿಕೊಂಡ ಗೆರೆ 75 ಗಜ.

ಕಳೆದ ಋತುವಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ವಾರ, ಬೆಳಕು ಹರಿಯುವ ಮುನ್ನ ಮರಸು ಕೂತೆವು. ಇಲ್ಲಿಯ ನಿಯಮದಂತೆ ಕೋವಿಯಲ್ಲಿ ಮೂರೇ ತೋಟಾ. ಎಂಟರ ಸುಮಾರಿಗೆ ಹೆಣ್ಣು ಜಿಂಕೆಯೊಂದು ಹಳ್ಳದ ಏರಿಯ ಮೇಲೆ ಬಂದು ಅಡ್ಡಲಾಗಿ ನಿಂತಿತು. ಹಿಂದೆ ಮಣ್ಣಿನ ದಿಬ್ಬ. ಕೋಟಿಗೆ ಎಲ್ಲಿಯೂ ತಾಗದೆ ಹಿಂಬದಿಯ ಮರ ಭುಜಕ್ಕೆ ಬಂದು ಕೂತಿತು. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಗುರಿ ಹಿಡಿದು ಟ್ರಿಗರ್ ಒತ್ತಿದೆ. ಒದೆತದ ನೆನಪೇ ನನಗಿಲ್ಲ. ಗುಂಡು ತಾಗಿದ ಕ್ಷಣ ಜಿಂಕೆಯ ಮೈ ಗೂನಾದದ್ದು ರಂಧ್ರದೊಳಗಿಂದ ಸ್ಪಷ್ಟವಾಗಿ ಕಂಡಿತು. ನನ್ನ ಕಣ್ಣು ತೆರೆದೇ ಇತ್ತು. ಅದು ಮೂವತ್ತು ಹೆಜ್ಜೆ ಓಡಿ ಬಿತ್ತು. ಅರ್ಧ ಗಂಟೆ ಕಾದು ಹೋಗಿ ನೋಡಿದೆವು. ಗುಂಡು ಎರಡೂ ಪುಪ್ಪುಸಗಳನ್ನು ದಾಟಿ ಹೊರಗೆ ಹೋಗಿತ್ತು. ಮಗಳು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ನಾನೂ ಕೂತೆ.

ಮನೆಗೆ ಬಂದು ಕೋವಿ ಒರೆಸುವ ಕೆಲಸ ಅವಳದೇ. .38 ಹೆಚ್ಚು ಹಾರಿಸಿದ ಕೋವಿಯಲ್ಲಿ ಗಿಡ್ಡ ತೋಟಾದ ಬಾಯಿ ಮುಗಿಯುವ ಜಾಗದಲ್ಲಿ ಮಸಿಯ ಉಂಗುರ ಕಟ್ಟುತ್ತದೆ, ಬಿಟ್ಟರೆ .357 ಕೂರುವಾಗ ಬಿಗಿಯುತ್ತದೆ. ಅವಳು ಎಣ್ಣೆ ಹಾಕಿದ ಹಿತ್ತಾಳೆ ಬ್ರಷ್ಷನ್ನು ಅಲ್ಲಿಟ್ಟು ತಿರುಗಿಸಿ, ಟಾರ್ಚ್ ಬಿಟ್ಟು ನೋಡಿ, ಮತ್ತೊಮ್ಮೆ ತಿರುಗಿಸಿದಳು.