ನಂದಿಬಟ್ಟಲ ಹುಳ ಮತ್ತೆ ಅಪ್ಪಯ್ಯನ ಹಳೇ ಪಂಚೆ

ನಮ್ಮನೆ ಶಿರಸಿಯಿಂದ ಹದಿನಾಲ್ಕು ಕಿಲೋಮೀಟರು, ಮುಂದೆ ಅಡಿಕೆ ತೋಟ ಹಿಂದೆ ಬೆಟ್ಟ, ಮಳೆಗಾಲ ಶುರುವಾಯ್ತು ಅಂದ್ರೆ ಜಗಲಿ ಲೈಟಿಗೆ ಬಂದು ಬಿದ್ದ ಹುಳಗಳನ್ನ ಬೆಳಿಗ್ಗೆ ಗುಡ್ಸಿ ಹಾಕೋದು ನಂದೇ ಕೆಲ್ಸ. ಮೂರು ವರ್ಷದ ಹಿಂದೆ ಹಂಗೇ ಗುಡ್ಸುವಾಗ ಒಂದು ರೆಕ್ಕೆ ಸಿಕ್ತು, ತಿಳಿಹಸಿರು, ಉದ್ದ ಬಾಲ, ಬರೀ ರೆಕ್ಕೆ ಅಷ್ಟೇ ಮೈ ಇಲ್ಲ. ಫೋಟೋ ನೋಡಿದ ಗೆಳೆಯ ಇದು ಮೂನ್ ಮಾತ್ ಅನ್ನೋ ಪತಂಗದ್ದು ಮಾರಾಯ, ಪೂರ್ತಿದು ಇದ್ದಿದ್ರೆ ಅಂಗೈ ತುಂಬ್ತಿತ್ತು ಅಂದ. ಪೂರ್ತಿದು ನೋಡ್ಲೇಬೇಕು ಅನ್ಸ್ತು.

ಅಪ್ಪಯ್ಯನ ಹಳೇ ಬಿಳಿ ಪಂಚೆ, ಎರಡು ಅಡಿಕೆ ದಬ್ಬೆ, ಒಂದು ಬಲ್ಬು, ಇಷ್ಟೇ ಸಾಮಾನು, ದಬ್ಬೆಗೆ ಪಂಚೆ ಕಟ್ಟಿ ಬೆಳಕು ಬಿಟ್ರೆ ರಾತ್ರಿ ಹುಳಗಳು ಬಂದು ಅದ್ರ ಮೇಲೆ ಕೂರ್ತವೆ. ಎಲ್‌ಇಡಿಗೆ ಅಷ್ಟೇನ್ ಬರಲ್ಲ, ಹುಳಗಳಿಗೆ ಚೆನ್ನಾಗಿ ಕಾಣೋ ಅತಿನೇರಳೆ ಕಿರಣ ಅದ್ರಲ್ಲಿ ಇಲ್ಲ ಅನ್ನೋಷ್ಟು ಕಮ್ಮಿ, ಹಂಗಾಗಿ 160 ವ್ಯಾಟಿನ ಮರ್ಕ್ಯುರಿ ಬಲ್ಬು ತಂದೆ. ಮೊದಲನೇದು ಎರಡು ರಾತ್ರಿ ಬಾಳಿಕೆ ಬಂತು, ಕಾದ ಬಲ್ಬಿಗೆ ನಾಲ್ಕು ಹನಿ ಮಳೆ ಬಿದ್ದಿದ್ದೇ ಟಪ್ ಅಂತ ಒಡೀತು. ಈಗ ಸೂರಿನ ಕೆಳಗೇ ಕಟ್ಟೋದು, ಅದೂ ಅಮಾವಾಸ್ಯೆ ಹತ್ರ, ಹುಣ್ಣಿಮೆ ದಿನ ಹುಳ ಬರೋದೇ ಕಮ್ಮಿ, ಪಂಚೆ ಒಣಗಿಸಿದ ಹಂಗೇ ಸೈ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಲೈಟ್ ಹಾಗೇ ಬಿಟ್ಟು ಮಲಗಿಬಿಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ಮಡಿವಾಳ ಹಕ್ಕಿ ಜೋಡಿ ಪಂಚೆ ಮುಂದೆ ಕೂತು ಆರಾಮಾಗಿ ಒಂದೊಂದೇ ಹೆಕ್ತಾ ಇದಾವೆ, ಮೈ ತಿಂದು ರೆಕ್ಕೆ ಕೆಳಗೆ ಬೀಳ್ಸ್ತಾ ಇದಾವೆ. ಜಗಲಿ ಮೇಲಿನ ಆ ಹಸಿರು ರೆಕ್ಕೆ ಎಲ್ಲಿಂದ ಬಂತು ಅಂತ ಆಗ ತಿಳೀತು. ಹಕ್ಕಿ ತಿನ್ನೋದು ಸರಿನೇ, ಆದ್ರೆ ನಾನೇ ಹಿಡಿದು ಬಡಿಸಿದ ಹಂಗಾಯ್ತಲ್ಲ. ಪತಂಗ ಬೆಳಕಿಗೆ ಆಸೆಪಟ್ಟು ಬರೋದಲ್ವಂತೆ, 2024ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ರಾತ್ರಿ ಹಾರೋ ಹುಳಗಳು ಬೆನ್ನನ್ನ ಬೆಳಕಿನ ಕಡೆ ಮಾಡ್ಕೊಂಡು ಹಾರ್ತವೆ, ಆಕಾಶ ಮೇಲಿರುತ್ತೆ ಅನ್ನೋ ಲೆಕ್ಕ, ಬಲ್ಬು ಪಕ್ಕದಲ್ಲಿದ್ರೆ ಆ ಲೆಕ್ಕ ತಪ್ಪಿ ಅಲ್ಲೇ ಸುತ್ತಿ ಸುತ್ತಿ ಸಿಕ್ಕಾಕ್ಕೊಳ್ತವೆ. ಅವತ್ತಿಂದ ಹನ್ನೊಂದಕ್ಕೆ ಲೈಟ್ ಆಫ್, ಪಂಚೆ ಮೆಲ್ಲಗೆ ಕೊಡವಿ ಒಳಗೆ.

ಪೂರ್ತಿ ಮೂನ್ ಮಾತ್ ಬಂದಿದ್ದು ಮುಂದಿನ ವರ್ಷ. ಮೈಮೇಲೆ ಬಿಳೀ ಹತ್ತಿ ಅಂಟಿಸಿದ ಹಾಗೆ ರೋಮ, ಹಕ್ಕಿ ಪುಕ್ಕದಂಥ ಮೀಸೆ, ಇಷ್ಟೆಲ್ಲಾ ಇದ್ದು ತಿನ್ನೋಕೆ ಬಾಯೇ ಇಲ್ಲ ಅದಕ್ಕೆ! ರೆಕ್ಕೆ ಬರೋ ಮೊದ್ಲು ಹುಳ ಆಗಿದ್ದಾಗ ತಿಂದಿದ್ದರ ಮೇಲೇ ಒಂದು ವಾರದ ಹತ್ರ ಬದುಕಿ, ಜೋಡಿ ಆಗಿ, ಮೊಟ್ಟೆ ಇಟ್ಟು ಮುಗೀತು.

ಹುಳ ಸಾಕಿದ್ದು ಮಾತ್ರ ಮನೇಲಿ ಸಣ್ಣ ಜಗಳಕ್ಕೆ ಕಾರಣ ಆಯ್ತು. ಆಯಿ ದೇವರಿಗೆ ಹೂ ಕೊಯ್ಯೋ ನಂದಿಬಟ್ಟಲ ಗಿಡದಲ್ಲಿ ಬೆರಳು ದಪ್ಪದ ಹಸಿರು ಹುಳ, ತಲೆ ಹತ್ರ ಎರಡು ನೀಲಿ ಕಣ್ಣಿನ ಚುಕ್ಕೆ, ಮುಟ್ಟಿದ್ರೆ ತಲೆ ಒಳಗೆಳೆದು ಆ ಕಣ್ಣು ಬಿಟ್ಟು ಹೆದರಿಸುತ್ತೆ. ಅದು ಹಾಕ್ ಮಾತ್ ಅನ್ನೋ ಪತಂಗದ ಮರಿಹುಳ, ಕಣಗಿಲೆಯನ್ನೂ ತಿನ್ನುತ್ತೆ. ಆಯಿ ಗಂಟು ಮುಖ ಮಾಡಿ, "ದೇವ್ರಿಗೆ ಹೂವಿಲ್ಲೆ, ನಿನ್ನ ಹುಳಕ್ಕೆ ಸೊಪ್ಪಿದ್ದು ನೋಡು ತಮಾ" ಅಂದ್ಲು. ಎರಡು ಹುಳ ಡಬ್ಬಿಗೆ ಹಾಕಿ ದಿನಾ ಸೊಪ್ಪು ಕೊಟ್ಟೆ. ಒಂದಿನ ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿ ಡಬ್ಬಿ ತುಂಬ ಓಡಾಡೋಕೆ ಶುರು ಮಾಡಿದ್ವು, ಕಾಯಿಲೆ ಬಂತೇನೋ ಅಂತ ಗಾಬರಿಯಾದೆ, ಆಮೇಲೆ ಗೊತ್ತಾಯ್ತು ಗೂಡಾಗೋಕೆ ತರಗೆಲೆ ಹುಡುಕ್ತಾ ಇದ್ವು ಅಂತ. ತರಗೆಲೆ ಹಾಕಿದೆ, ಹದಿನೈದು ದಿನದ ಮೇಲೆ ಒಂದು ಹೊರಬಂತು, ಇನ್ನೊಂದು ಬರ್ಲೇ ಇಲ್ಲ.

ಬಚ್ಚಲ ಹಿಂದಿನ ಪಪ್ಪಾಯಿ ಹೂವಿಗೆ ಮೂರ್ಸಂಜೆ ಬರೋದು ಇಂಥ ಹಾಕ್ ಮಾತ್‌ಗಳೇ, ಅವು ಬರದಿದ್ರೆ ಹೆಣ್ಣು ಗಿಡದಲ್ಲಿ ಕಾಯಿ ಕಚ್ಚೋದು ಕಷ್ಟ ಅಂತ ಆಯಿಗೆ ಹೇಳಿದೆ. ಏನೂ ಮಾತಾಡ್ಲಿಲ್ಲ. ಈಗ ನಂದಿಬಟ್ಟಲ ಹೂ ಕೊಯ್ಯುವಾಗ ಬಾವಿ ಬದಿಯ ಟೊಂಗೆ ಮಾತ್ರ ಮುಟ್ಟೋದಿಲ್ಲ.