ಅಂಬಾಸಿಡರ್ ಕಾರಿನ ಬಾಗಿಲಿನ ಒಳಬದಿಯ ಹಳೇ ಪ್ಯಾನೆಲ್ ಬಿಸಾಡಬೇಡಿ

ಗ್ಯಾರೇಜಿನವರು "ಹೊಸದು ಹಾಕಿಬಿಡಿ ಸಾರ್" ಅಂತಾರೆ; ಕೇಳಬೇಡಿ. ಹಳೇ ರೆಕ್ಸಿನ್ ಮೇಲಿನ ಒತ್ತುಗೆರೆ ಹೊಸದರಲ್ಲಿ ಹಾಗೆ ಬರೋದಿಲ್ಲ. ಸಾಮಾನ್ಯವಾಗಿ ಕೆಟ್ಟಿರೋದು ರೆಕ್ಸಿನ್ ಹಿಂದಿರೋ ಹಾರ್ಡ್‌ಬೋರ್ಡ್, ಅದೂ ಕೆಳಗಿನ ಅಂಚು. ಮಳೆನೀರು ಕುಡಿದು ಹಪ್ಪಳದ ಹಾಗೆ ಉಬ್ಬಿರುತ್ತೆ.

ಹಳೇ ಮಾಡೆಲ್ಲಾದರೆ ಗಾಜು ಏರಿಸಿ ಇಳಿಸೋ ಹ್ಯಾಂಡಲ್ ಹಿಂದಿರೋ ಬಿಲ್ಲೆಯನ್ನು ಒಳಕ್ಕೆ ಒತ್ತಿ, ಕಾಣುವ ಪಿನ್ ತಳ್ಳಿ ಹ್ಯಾಂಡಲ್ ತೆಗೆಯಿರಿ. ಕೆಳಗೆ ಬಟ್ಟೆ ಹಾಸಿರಿ, ಪಿನ್ ಉರುಳಿದರೆ ಸಿಗೋದಿಲ್ಲ. ಅಗಲವಾದ ಪಟ್ಟಿಯಿಂದ ಪ್ಯಾನೆಲನ್ನು ಬಾಗಿಲಿಗೆ ಹಿಡಿದಿರೋ ಕ್ಲಿಪ್ಪಿನ ಪಕ್ಕದಲ್ಲೇ ಮೀಟಿ. ನಡುವೆ ಎಳೆದರೆ ಬೋರ್ಡ್ ಕಿತ್ತುಬರುತ್ತೆ. ರೆಕ್ಸಿನ್ ಬಿಡಿಸೋಕೆ ಹೇರ್ ಡ್ರೈಯರ್ ಬಿಸಿ ಸಾಕು. ಹಳೇ ಬೋರ್ಡನ್ನೇ ಅಳತೆಗಿಟ್ಟು 3 ಮಿ.ಮೀ. ಪ್ಲೈವುಡ್ ಕೊಯ್ದು, ಎರಡೂ ಬದಿಗೆ ವಾರ್ನಿಷ್ ಹೊಡೆದು ಒಣಗಿಸಿ. ಆಮೇಲೆ ಅದರ ಮೇಲೆ ಹಳೇ ರೆಕ್ಸಿನ್ ಹೊದಿಸಿ; ಅಂಟು ಮಡಿಚೋ ಅಂಚಿಗೆ ಮಾತ್ರ.

ನೀರು ಇಳಿಯೋದು ಗಾಜಿನ ಸಂದಿಯಿಂದ. ಹಾಗಾಗಿ ಕೂರಿಸೋ ಮುಂಚೆ ನೀರು ಹೊರಹೋಗೋಕೆ ಬಾಗಿಲಿನ ತಳದಲ್ಲಿರೋ ತೂತುಗಳಲ್ಲಿ ತಂತಿ ಆಡಿಸಿ, ಒಳತಗಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ.