ಪದಕ ಬೇಡ, ಆವತ್ತು ಕೈಯಲ್ಲಿದ್ದದ್ದನ್ನು ಬಿಡಿಸಿ

ನಾನು ಹಾಸನದ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ಜವಾಬ್ದಾರಿಯೂ ನನ್ನದೇ. ಎನ್‌ಎಸ್‌ಎಸ್ ಸೇರಿದವರು ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ಜೊತೆಗೆ ಹಳ್ಳಿಯಲ್ಲಿ 7 ದಿನದ ಶಿಬಿರ. ಗಂಟೆಗಳ ಲೆಕ್ಕವೇನೋ ಡೈರಿಯಲ್ಲಿ ಬರುತ್ತದೆ. ಮೊದಲ ವರ್ಷ ತಲೆ ತಗ್ಗಿಸಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಕೊನೆಯ ವರ್ಷಕ್ಕೆ ಏನಾಗಿದ್ದಾಳೆ ಅನ್ನುವುದಕ್ಕೆ ಆ ಡೈರಿಯಲ್ಲಿ ಜಾಗವೇ ಇಲ್ಲ. ಅದು ನಾಲ್ಕು ಜನರ ಕಣ್ಣಿಗೆ ಬೀಳಲಿ ಅಂತ ಕಾಲೇಜಿನಲ್ಲೇ ಒಂದು ಚಿತ್ರಪ್ರದರ್ಶನ ಮಾಡಿದೆವು.

ವಿಷಯ 'ವಿದ್ಯಾರ್ಥಿ ನಾಯಕತ್ವ' ಅಂತ ನೋಟಿಸ್ ಹಾಕಿದ ಕೂಡಲೇ ಬಂದ ಚಿತ್ರಗಳೆಲ್ಲ ಒಂದೇ ಥರ. ಮೈಕಿನ ಮುಂದೆ ನಿಂತ ಹುಡುಗ, ಬೆಟ್ಟದ ತುದಿಯಲ್ಲಿ ಬಾವುಟ, ಅಬ್ದುಲ್ ಕಲಾಂ ಅವರ ಮುಖ. ಬಿಡಿಸುವ ಕೈ ಚೆನ್ನಾಗಿತ್ತು. ಆದರೆ ಅದರಲ್ಲಿ ಬಿಡಿಸಿದವರು ಇರಲಿಲ್ಲ. ತುಂಬಾ ಜನ ಹತ್ತಿರ ಬಂದು, "ಮೇಡಂ, ನಾನು ಲೀಡರ್ ಅಲ್ಲ, ನಾನೇನು ಬಿಡಿಸಲಿ?" ಅಂದರು. ಪ್ರದರ್ಶನ ಬೇಕಾಗಿದ್ದದ್ದೇ ಇವರಿಗೆ ಅಲ್ವಾ?

ಹಾಗಾಗಿ ಕೇಳುವ ಪ್ರಶ್ನೆಯನ್ನೇ ಬದಲಾಯಿಸಿದೆ. ಯಾರನ್ನೂ ಕೇಳದೆ ನೀವೇ ತೀರ್ಮಾನ ತೆಗೆದುಕೊಂಡ ಒಂದು ದಿನ ನೆನಪು ಮಾಡಿಕೊಳ್ಳಿ. ಆವತ್ತು ನಿಮ್ಮ ಕೈಯಲ್ಲಿ ಏನಿತ್ತು? ಅದನ್ನು ಬಿಡಿಸಿ.

ಒಬ್ಬಳು ಸೌಟು ಬಿಡಿಸಿದಳು. ಶಿಬಿರದಲ್ಲಿ ಅಡುಗೆಯವರು ಬರದ ಬೆಳಗ್ಗೆ, ಎಲ್ಲರೂ ಫೋನು ಹಿಡಿದು ನಿಂತಿದ್ದಾಗ ಒಲೆ ಹಚ್ಚಿ ಉಪ್ಪಿಟ್ಟಿಗೆ ಇಟ್ಟವಳು ಅವಳು. ಚಿತ್ರದಲ್ಲಿ ಸೌಟಿನ ಹಿಡಿಗೆ ಒದ್ದೆ ಬಟ್ಟೆ ಸುತ್ತಿತ್ತು, ಬಟ್ಟೆಯ ಅಂಚು ಕಪ್ಪಾಗಿತ್ತು. ಸಕಲೇಶಪುರ ಕಡೆಯ ಹುಡುಗ ಬರೀ ಬಸ್ ಪಾಸ್ ಬಿಡಿಸಿದ. ಓದು ಬಿಟ್ಟು ತೋಟದ ಕೆಲಸಕ್ಕೆ ನಿಲ್ಲು ಅಂದಾಗ, ಮನೆಯವರನ್ನು ಒಪ್ಪಿಸಿ ಪಾಸ್ ಮಾಡಿಸಿಕೊಂಡು ಬಂದವನು. ಇದನ್ನು ನಾಯಕತ್ವ ಅನ್ನಬಹುದಾ ಅಂತ ನಮ್ಮ ಸಹೋದ್ಯೋಗಿಯೊಬ್ಬರು ಕೇಳಿದರು. ನನ್ನ ಮಟ್ಟಿಗೆ ಅಲ್ಲಿ ಇದ್ದ ಚಿತ್ರಗಳಲ್ಲೆಲ್ಲ ಅದೇ ಗಟ್ಟಿ. ತನ್ನ ಬದುಕಿಗೆ ತಾನು ಮುಂದಾಳು ಆಗದವನು ಹತ್ತು ಜನಕ್ಕೆ ಹೇಗೆ ಆಗುತ್ತಾನೆ?

ಬಹುಮಾನ ಇಡಬೇಕು ಅನ್ನುವ ಮಾತೂ ಬಂತು. ನಾನು ಒಪ್ಪಲಿಲ್ಲ. ಬಹುಮಾನ ಇಟ್ಟರೆ ಎಲ್ಲರ ಕಣ್ಣೂ ತೀರ್ಪುಗಾರರ ಮೇಲೆ. ಯಾರ ಕಷ್ಟ ದೊಡ್ಡದು ಅಂತ ಅಂಕ ಹಾಕುವುದು ನನಗೆ ಸರಿ ಕಾಣಲಿಲ್ಲ.

ಚಿತ್ರದ ಪಕ್ಕ ಅಂಟಿಸುವ ಚೀಟಿಗೇ ಜಾಸ್ತಿ ಸಮಯ ಹಿಡಿಯಿತು. ಹುಡುಗರು ಹೆಸರು ಹಾಕಲು ಹಿಂಜರಿದರು. ಹಾಸನದಿಂದ ಬೇಲೂರು ಸುಮಾರು 40 ಕಿಲೋಮೀಟರ್. ಅದಕ್ಕೇ ಅವರನ್ನು ಅಲ್ಲಿಗೆ ಕರೆದುಕೊಂಡು ಹೋದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಸ್ಥಾನ. ಅಲ್ಲಿನ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಊರಿನ ಹೆಸರು, ಅಪ್ಪನ ಹೆಸರು, ಜೊತೆಗೆ ಬಿರುದೂ ಉಂಟು. 900 ವರ್ಷದ ಹಿಂದೆ ರಾಜನ ದೇವಸ್ಥಾನದಲ್ಲೇ ಕೆಲಸಗಾರರು ತಮ್ಮ ಹೆಸರು ಬರೆದುಕೊಂಡಿದ್ದಾರೆ, ನಿಮಗೇನು ಸಂಕೋಚ ಅಂದೆ. ವಾಪಸ್ ಬರುವಾಗ ಬಸ್ಸಿನಲ್ಲೇ ಚೀಟಿಯ ಮಾದರಿ ತಯಾರಾಯಿತು. ಹೆಸರು, ಊರು, ಆವತ್ತು ಮಾಡಿದ್ದು ಏನು. ಮೂರು ಸಾಲು, ಅವರದೇ ಅಕ್ಷರದಲ್ಲಿ. ಮನೆಯ ವಿಷಯ ಬರುವ ಚೀಟಿಗಳನ್ನು ಮಾತ್ರ ಮೊದಲು ಮನೆಯವರಿಗೆ ಓದಿ ಹೇಳಿಸಿದೆ. ಇದನ್ನು ಯಾರೂ ಬಿಡಬಾರದು. ಗೋಡೆಗೆ ಹೋದ ಮೇಲೆ ಅದು ಊರಿನ ಮಾತಾಗುತ್ತದೆ.

ತೂಗುಹಾಕುವ ಕೆಲಸ ಪೂರ್ತಿ ಹುಡುಗರದು. ಸಭಾಂಗಣದ ಗೋಡೆಗೆ ಮೊಳೆ ಹೊಡೆಯುವ ಹಾಗಿರಲಿಲ್ಲ. ಶಾಮಿಯಾನ ಅಂಗಡಿಯಿಂದ ಪೈಪು ತಂದು ನಿಲ್ಲಿಸಿ, ನೈಲಾನ್ ದಾರ ಕಟ್ಟಿ, ಕ್ಲಿಪ್ಪಿನಲ್ಲಿ ಸಿಕ್ಕಿಸಿದರು. ಚಿತ್ರದ ನಡುಮಧ್ಯ ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ಬಂದರೆ ಹೆಚ್ಚಿನವರು ಕತ್ತು ಎತ್ತದೆ ನೋಡಬಹುದು. ಅಳೆಯುವುದಕ್ಕೆ ಒಂದು ದಾರದಲ್ಲಿ ಗುರುತು ಮಾಡಿಕೊಂಡರೆ ಸಾಕು. ಲ್ಯಾಮಿನೇಷನ್ ಬೇಡ ಅಂದೆ, ಟ್ಯೂಬ್‌ಲೈಟ್ ಕೆಳಗೆ ಬರೀ ಬೆಳಕೇ ಕಾಣುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಡ್ರಾಯಿಂಗ್ ಶೀಟ್ ತೇವ ಹೀರಿ ಬಾಗುತ್ತದೆ, ಅದಕ್ಕೆ ಹಿಂದೆ ಮೌಂಟ್ ಬೋರ್ಡ್ ಕೊಟ್ಟೆವು. ಕೆಲಸ ಏನೇ ಇದ್ದರೂ ಊರಿನ ಬಸ್ಸಿನ ಹೊತ್ತಿಗೆ ಎಲ್ಲರನ್ನೂ ಬಿಟ್ಟುಬಿಡುತ್ತಿದ್ದೆ.

ಬಂದವರಿಗೆ ವಿವರಿಸುವುದಕ್ಕೆ ಒಂದು ನಿಯಮ ಇತ್ತು. ಯಾರೂ ತಮ್ಮ ಚಿತ್ರದ ಮುಂದೆ ನಿಲ್ಲಬಾರದು, ಇನ್ನೊಬ್ಬರದ್ದನ್ನು ವಿವರಿಸಬೇಕು. ಇದು ಚೆನ್ನಾಗಿ ಕೆಲಸ ಮಾಡಿತು. ಬೇರೆಯವರ ಕಥೆ ಹೇಳಬೇಕಾದರೆ ಮೊದಲು ಅವರ ಜೊತೆ ಕೂತು ಕೇಳಬೇಕು. ಒಂದೇ ತರಗತಿಯಲ್ಲಿದ್ದೂ ಮಾತಾಡದವರು ಊಟದ ಬಿಡುವಿನಲ್ಲಿ ಜೊತೆಗೆ ಕೂತರು. ಬಸ್ ಪಾಸ್ ಹುಡುಗನ ಬಗ್ಗೆ ಹೇಳಿದ್ದು ಸೌಟಿನ ಹುಡುಗಿ. ಯಾರೋ "ಮನೆಯವರು ಹೇಗೆ ಒಪ್ಪಿದರು?" ಅಂತ ಕೇಳಿದರು. "ಅವನು ಜಗಳ ಆಡಲಿಲ್ಲ ಸರ್, ದಿನಾ ಬೆಳಗ್ಗೆ ತೋಟದ ಕೆಲಸ ಮುಗಿಸಿ ತೋರಿಸಿದ" ಅಂದಳು. ಅದು ಚೀಟಿಯಲ್ಲಿ ಇರಲಿಲ್ಲ. ಅವಳು ಕೇಳಿ ತಿಳಿದುಕೊಂಡದ್ದು.

ಸಂತೆಯ ದಿನವೇ ಪ್ರದರ್ಶನ ಇಟ್ಟೆವು, ಹಾಸನಕ್ಕೆ ಬಂದ ಅಪ್ಪ ಅಮ್ಮಂದಿರು ಹಾಗೇ ಕಾಲೇಜಿಗೂ ಬರಲಿ ಅಂತ. ಭಾಷಣ ಹತ್ತು ನಿಮಿಷಕ್ಕೆ ಮುಗಿಸಿದೆವು. ಆಮೇಲೆ ಚಿತ್ರಗಳನ್ನೆಲ್ಲ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಅವರವರಿಗೆ ಕೊಟ್ಟೆವು. ಸೌಟಿನ ಚಿತ್ರ ಮಾತ್ರ ಹಾಸ್ಟೆಲಿನವರು ಕೇಳಿದರು, ಅವಳು ಒಪ್ಪಿದಳು. ಈಗ ಮೆಸ್ಸಿನ ಗೋಡೆಯಲ್ಲಿದೆ. ಪೈಪು ಕೊಟ್ಟ ಅಂಗಡಿಯ ವಿವರ, ಖರ್ಚಿನ ಲೆಕ್ಕ, ಗುರುತು ಮಾಡಿದ ದಾರ ಎಲ್ಲವನ್ನೂ ಎರಡನೇ ವರ್ಷದವರಿಗೆ ಒಪ್ಪಿಸಿದ್ದೇನೆ. ಮುಂದಿನ ಪ್ರದರ್ಶನ ಅವರದು.